ಹಳೇ ಸಾಕೆಟ್ಟಿಗೆ ಹೊಸ ಚಿಪ್ಪು

ದೀಪಾಂಜಲಿ ನಗರದ ನಮ್ಮ ಮನೇಲಿ 2014ರಲ್ಲಿ ಎಸ್.ಪಿ. ರೋಡಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್ ಇದೆ. ಒಳಗಿರೋದು ಇಂಟೆಲ್ ಐ3-4130, ಎರಡು ಕೋರ್. ಅಪ್ಪ ನುಡಿಯಲ್ಲಿ ಟೈಪ್ ಮಾಡಿದ ಅಷ್ಟೂ ಫೈಲುಗಳು ಅದರಲ್ಲೇ ಇವೆ. ಈಗ ಆನ್ ಮಾಡಿ ಕಾಫಿ ಕುಡಿದು ಬಂದರೂ ಅದಿನ್ನೂ ಎದ್ದಿರಲ್ಲ. "ಪ್ರೊಸೆಸರ್ ಒಂದು ಬದಲಾಯಿಸು, ಸಾಕು" ಅಂದರು ಅಪ್ಪ. ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರ ಮೊದಲ ಪ್ರಶ್ನೆ: "ಬೋರ್ಡ್ ಯಾವುದು ಸಾರ್?"

ಆ ಪ್ರಶ್ನೆಗೊಂದು ಇತಿಹಾಸವಿದೆ. ಪೆಂಟಿಯಮ್ ಕಾಲದ ಸಾಕೆಟ್ 7ರಲ್ಲಿ ಇಂಟೆಲ್, ಎಎಮ್‌ಡಿ, ಸಿರಿಕ್ಸ್ ಮೂವರ ಪ್ರೊಸೆಸರುಗಳೂ ಕೂರುತ್ತಿದ್ದವು. 1997ರಲ್ಲಿ ಪೆಂಟಿಯಮ್ 2 ಬೇರೆಯೇ ಸ್ಲಾಟ್ ಹೊತ್ತು ಬಂತು. ಅಲ್ಲಿಂದ ಒಬ್ಬರ ಬೋರ್ಡಿಗೆ ಇನ್ನೊಬ್ಬರ ಚಿಪ್ ಅನ್ನೋ ಮಾತು ಮುಗೀತು.

ಈ ಕಥೆಯಲ್ಲಿ ನಮ್ಮೂರಿನದೂ ಒಂದು ಅಧ್ಯಾಯ ಇದೆ. ನಮ್ಮ ಸ್ಟೇಷನ್ನಲ್ಲಿ ಪರ್ಪಲ್ ಲೈನ್ ಹತ್ತಿ ಕೊನೆವರೆಗೂ ಕೂತರೆ ಸಿಗೋದು ವೈಟ್‌ಫೀಲ್ಡ್. ಅದೇ ಹೆಸರಿನ ಸರ್ವರ್ ಪ್ರೊಸೆಸರ್ ಒಂದನ್ನು ಇಂಟೆಲ್ಲಿನ ಬೆಂಗಳೂರು ತಂಡ ರೂಪಿಸುತ್ತಿತ್ತು. ಅದಕ್ಕೆ ಪೂರಾ ಹೊಸ ಪ್ಲಾಟ್‌ಫಾರ್ಮ್ ಬೇಕಿತ್ತು. 2005ರಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು.

ಮೂರು ವರ್ಷದ ನಂತರ, 2008ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಕ್ಸಿಯಾನ್ 7400 ಬಂತು. ಗುಪ್ತನಾಮ ಡನ್ನಿಂಗ್ಟನ್. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಇಷ್ಟೆಲ್ಲ ಇದ್ದೂ ಅದು ಕೂತಿದ್ದು ಹಳೇ 604 ಪಿನ್ನಿನ ಸಾಕೆಟ್ಟಿನಲ್ಲೇ! ಹಿಂದಿನ ವರ್ಷದ 7300 ಸರಣಿಯ ಸರ್ವರ್ ಇದ್ದವರು ಬಯೋಸ್ ಅಪ್‌ಡೇಟ್ ಮಾಡಿ, ನಾಲ್ಕು ಕೋರಿನ ಚಿಪ್ ತೆಗೆದು ಆರು ಕೋರಿನದು ಕೂರಿಸಬಹುದಿತ್ತು. ಬೋರ್ಡ್, ರ‍್ಯಾಮ್, ಡಬ್ಬ ಎಲ್ಲ ಅದೇ. ಅಪ್ಪ ಹೇಳಿದ ಥರದ ಅಪ್‌ಗ್ರೇಡ್ ಅಂದರೆ ಇದು.

ಅದು ಸಾಧ್ಯವಾಗಿದ್ದಕ್ಕೆ ಒಂದು ಕಾರಣ, ಆಗ ಮೆಮೊರಿ ನಿಯಂತ್ರಕ ಬೋರ್ಡಿನ ಚಿಪ್‌ಸೆಟ್ಟಿನಲ್ಲಿತ್ತು. ಎರಡೇ ತಿಂಗಳಿಗೆ, ನವೆಂಬರಿನಲ್ಲಿ, ಕೋರ್ ಐ7 ಬಂದಾಗ ಇಂಟೆಲ್ ಅದನ್ನು ಪ್ರೊಸೆಸರ್ ಒಳಗೇ ತಂದಿತು. ಪಿನ್ನುಗಳ ಲೆಕ್ಕವೇ ಬದಲಾಯಿತು. 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151: ಡೆಸ್ಕ್‌ಟಾಪ್ ಸಾಕೆಟ್ಟುಗಳ ಆಯಸ್ಸು ಎರಡೇ ವರ್ಷ ಅನ್ನೋ ಹಾಗಾಯ್ತು.

ನಮ್ಮನೇದು 1150. ಅದಕ್ಕೆ ಬಳಸಿದ ಐ7-4770 ಸಿಗುತ್ತೆ, ನಾಲ್ಕು ಕೋರ್. ಆದರೆ ಅದೂ 2013ರದ್ದೇ, ನಾಲ್ಕನೇ ತಲೆಮಾರು. ವಿಂಡೋಸ್ 11 ಕೇಳೋದು ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ಐ7 ಹಾಕಿದರೂ ನಾನು ಅದೇ ಸಾಲಿನ ಈಚೆಗೇ ನಿಂತಿರ್ತೀನಿ. ಮೇಲಾಗಿ, ಪೆಟ್ಟಿಗೆ ನಿಧಾನ ಆಗಿದ್ದು ಪ್ರೊಸೆಸರಿನಿಂದಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ದೆ, ಸಿಪಿಯು ಆರಾಮಾಗಿತ್ತು, ಹಾರ್ಡ್ ಡಿಸ್ಕ್ ಮಾತ್ರ 100%.

ಕೊನೆಗೆ ಅಂಗಡಿಯಿಂದ ತಂದಿದ್ದು ಒಂದು ಎಸ್‌ಎಸ್‌ಡಿ. ಫೈಲುಗಳನ್ನೆಲ್ಲ ಇನ್ನೊಂದು ಕಡೆ ಕಾಪಿ ಇಟ್ಟೆ. ಬ್ಯಾಂಕು, ಇಮೇಲು ನನ್ನ ಲ್ಯಾಪ್‌ಟಾಪಿಗೆ ಬಂತು, ಡೆಸ್ಕ್‌ಟಾಪಿನ ಇಂಟರ್ನೆಟ್ ವೈರ್ ಕಿತ್ತೆ. ನುಡಿಗೆ ನೆಟ್ ಯಾಕೆ ಬೇಕು?

ಮರುದಿನ ಅಪ್ಪ ಆನ್ ಮಾಡಿದರು. ಕಾಫಿ ಇನ್ನೂ ಸೋಸಿರಲಿಲ್ಲ, ನುಡಿ ತೆರೆದುಕೊಂಡಿತ್ತು. "ನೋಡಿದ್ಯಾ, ಪ್ರೊಸೆಸರ್ ಬದಲಾಯಿಸಿದ್ದಕ್ಕೆ ಎಷ್ಟು ಫಾಸ್ಟು" ಅಂದರು. ಹೂಂ ಅಂದೆ.