ಸಮಯ ನಿರ್ವಹಣೆಯ ಕಂಪ್ಯೂಟರ್ ಆಟಗಳು

ಸೀಮಿತ ಅವಧಿಯಲ್ಲಿ ಹಲವು ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮುಗಿಸಬೇಕಾದ ಕಂಪ್ಯೂಟರ್ ಆಟಗಳಿಗೆ ‘ಸಮಯ ನಿರ್ವಹಣಾ ಆಟ’ಗಳೆಂದು ಹೆಸರು. 1983ರ ‘ಟ್ಯಾಪರ್’ ಎಂಬ ಆರ್ಕೇಡ್ ಆಟದಲ್ಲಿಯೇ ಇದರ ಬೀಜವಿತ್ತು. ಆದರೆ ಈ ಪ್ರಕಾರವನ್ನು ಮನೆಮಾತಾಗಿಸಿದ್ದು ನ್ಯೂಯಾರ್ಕಿನ ಗೇಮ್‌ಲ್ಯಾಬ್ ರೂಪಿಸಿ, ಪ್ಲೇಫಸ್ಟ್ ಸಂಸ್ಥೆ 2004ರಲ್ಲಿ ಹೊರತಂದ ‘ಡೈನರ್ ಡ್ಯಾಶ್’.

ಕಚೇರಿಯ ನೌಕರಿ ತೊರೆದು ಉಪಾಹಾರ ಗೃಹ ತೆರೆದ ಫ್ಲೋ ಇದರ ನಾಯಕಿ. ಗ್ರಾಹಕರನ್ನು ಕೂರಿಸುವುದು, ಆರ್ಡರ್ ಪಡೆದು ಅಡುಗೆಮನೆಗೆ ತಲುಪಿಸುವುದು, ತಿಂಡಿ ತಂದಿಡುವುದು, ಹಣ ಪಡೆಯುವುದು, ತಟ್ಟೆ ತೆಗೆಯುವುದು - ಎಲ್ಲವೂ ಮೌಸ್‌ನಿಂದಲೇ. ಗ್ರಾಹಕರ ತಾಳ್ಮೆಯನ್ನು ಹೃದಯದ ಚಿಹ್ನೆಗಳು ಸೂಚಿಸುತ್ತವೆ. ತಡವಾದಂತೆ ಅವು ಕಡಿಮೆಯಾಗುತ್ತವೆ. ಒಂದೇ ಬಗೆಯ ಕೆಲಸವನ್ನು ಸಾಲಾಗಿ ಮಾಡಿದರೆ ಹೆಚ್ಚುವರಿ ಅಂಕ. ಆದ್ದರಿಂದ ಎರಡು ಮೇಜುಗಳ ಆರ್ಡರ್ ಒಟ್ಟಿಗೆ ಪಡೆಯಲು ಮೊದಲು ಬಂದವರನ್ನು ಎಷ್ಟು ಕಾಯಿಸಬಹುದು ಎಂಬ ಲೆಕ್ಕಾಚಾರವೇ ಆಟದ ತಿರುಳು. ಇಲ್ಲಿ ಕೈಚಳಕದಷ್ಟೇ ಬೆಲೆ ಮುಂದಾಲೋಚನೆಗೂ ಉಂಟು.

‘ಕೇಕ್ ಮೇನಿಯಾ’, ‘ಡೆಲಿಶಿಯಸ್’ ಮುಂತಾದವು ಇದೇ ಜಾಡಿನಲ್ಲಿ ಬಂದವು. ಆಗ ಒಂದು ಗಂಟೆ ಉಚಿತವಾಗಿ ಆಡಿ, ಮೆಚ್ಚಿಗೆಯಾದರೆ ಒಮ್ಮೆ ಹಣ ತೆತ್ತು ಕೊಳ್ಳುವ ಪದ್ಧತಿ ಸಾಮಾನ್ಯವಾಗಿತ್ತು.

ಮೊಬೈಲ್ ಯುಗದಲ್ಲಿ ಈ ವ್ಯವಹಾರ ಬದಲಾಯಿತು. ಪ್ಲೇಫಸ್ಟ್ 2014ರಲ್ಲಿ ಗ್ಲು ಮೊಬೈಲ್ ಸಂಸ್ಥೆಯ ಪಾಲಾಯಿತು. ಉಚಿತವಾಗಿ ದೊರೆಯುವ ಅನೇಕ ಆಟಗಳಲ್ಲಿ ನಿಗದಿತ ‘ಎನರ್ಜಿ’ ಮುಗಿದೊಡನೆ ಆಟ ನಿಲ್ಲುತ್ತದೆ. ಆಡುವವರು ಕಾಯಬೇಕು, ಇಲ್ಲವೇ ಹಣ ನೀಡಬೇಕು. ಯೋಜನೆಯ ಜಾಣ್ಮೆಗೆ ಸಲ್ಲಬೇಕಾದ ಗೆಲುವು ಹಣಕ್ಕೆ ಸಲ್ಲುತ್ತದೆಂಬುದೇ ಬಿಡುವಿನ ವೇಳೆಯ ಆಟಗಾರರ ಆಕ್ಷೇಪ. ದಣಿದು ಮನೆಗೆ ಬಂದವರಿಗೆ ಗಡಿಯಾರದ ಒತ್ತಡವೂ ಹಿಡಿಸದು. ಅಂಥವರಿಗಾಗಿ ‘12 ಲೇಬರ್ಸ್ ಆಫ್ ಹರ್ಕ್ಯುಲಿಸ್’ನಂತಹ ಆಟಗಳಲ್ಲಿ ಸಮಯದ ಮಿತಿಯಿಲ್ಲದೆ ಆಡುವ ಆಯ್ಕೆಯಿದೆ.