ಸಂತ ಲೂಸಿಯಾ ಹಬ್ಬ

ಸಂತ ಲೂಸಿಯಾ ಹಬ್ಬವು ಪ್ರತಿ ವರ್ಷ ಡಿಸೆಂಬರ್ 13ರಂದು ಆಚರಿಸಲ್ಪಡುವ ಕ್ರೈಸ್ತ ಹಬ್ಬವಾಗಿದೆ. ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಕ್ರಿ.ಶ. 304ರಲ್ಲಿ ಹುತಾತ್ಮಳಾದಳೆಂದು ನಂಬಲಾಗುವ ಲೂಸಿಯಾ ಎಂಬ ಕನ್ಯೆಯ ಸ್ಮರಣೆಗಾಗಿ ಇದು ನಡೆಯುತ್ತದೆ. ಇಟಲಿಯ ಹಲವು ಊರುಗಳಲ್ಲಿಯೂ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿಯೂ ಫಿನ್ಲೆಂಡಿನ ಸ್ವೀಡಿಷ್ ಭಾಷಿಕರಲ್ಲಿಯೂ ಇದು ಪ್ರಚಲಿತವಾಗಿದೆ. ಸಂತರ ಆರಾಧನೆಯನ್ನು ಕೈಬಿಟ್ಟ ಲೂಥರನ್ ನಾಡುಗಳಲ್ಲಿ ದಕ್ಷಿಣದ ಈ ಸಂತಳ ಹಬ್ಬ ನೆಲೆಯೂರಿದ್ದರ ಹಿಂದೆ ಆಕೆಯ ಹೆಸರಿನ ಅರ್ಥವೂ ಹಳೆಯ ಪಂಚಾಂಗದ ಲೆಕ್ಕವೂ ಇವೆ.

ಲೂಸಿಯಾಳ ಕಥೆ

ಐತಿಹ್ಯದಂತೆ ಲೂಸಿಯಾ ಸಿರಿವಂತ ಮನೆತನದವಳು. ತಾಯಿ ಯೂಟೀಕಿಯಾಳ ದೀರ್ಘಕಾಲದ ರಕ್ತಸ್ರಾವವು ಕತಾನಿಯಾದ ಸಂತ ಅಗಾಥಾಳ ಸಮಾಧಿಯ ದರ್ಶನದಿಂದ ಗುಣವಾಗಲು, ಲೂಸಿಯಾ ತನ್ನ ವರದಕ್ಷಿಣೆಯ ಹಣವನ್ನೆಲ್ಲ ಬಡವರಿಗೆ ಹಂಚಿದಳು. ಕೈತಪ್ಪಿದ ಸಂಪತ್ತಿಗಾಗಿ ಕೆರಳಿದ ವರನು ಆಕೆ ಕ್ರೈಸ್ತಳೆಂದು ರಾಜ್ಯಪಾಲ ಪಾಸ್ಕೇಸಿಯಸ್‌ನಲ್ಲಿ ದೂರಿತ್ತನು. ಚಕ್ರವರ್ತಿ ಡಯೊಕ್ಲೇಶಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲವದು. ಎತ್ತುಗಳನ್ನು ಕಟ್ಟಿ ಎಳೆದರೂ ಆಕೆ ಕದಲಲಿಲ್ಲ, ಬೆಂಕಿ ಸುಡಲಿಲ್ಲ. ಕೊನೆಗೆ ಕತ್ತಿಗೆ ಬಲಿಯಾದಳು. ಚಿತ್ರಗಳಲ್ಲಿ ಲೂಸಿಯಾ ತನ್ನ ಎರಡು ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದು ನಿಂತಿರುತ್ತಾಳೆ. ಕಣ್ಣು ಕಿತ್ತ ಈ ಪ್ರಸಂಗ ಹಳೆಯ ಕಥನಗಳಲ್ಲಿಲ್ಲ, ನಂತರ ಸೇರಿದುದು. ಲ್ಯಾಟಿನ್ ಭಾಷೆಯಲ್ಲಿ 'ಲುಕ್ಸ್' ಎಂದರೆ ಬೆಳಕು; ಆಕೆ ದೃಷ್ಟಿಯ ರಕ್ಷಕಿಯಾದದ್ದಕ್ಕೆ ಹೆಸರೇ ಸಾಕಾಗಿದ್ದಿರಬೇಕು.

ಪವಾಡಗಳ ಮಾತೇನೇ ಇರಲಿ, ಆಕೆಯ ಆರಾಧನೆ ಬಹು ಪ್ರಾಚೀನವಾದುದು. 1894ರಲ್ಲಿ ಪುರಾತತ್ತ್ವಜ್ಞ ಪಾವೊಲೊ ಓರ್ಸಿ ಸಿರಾಕ್ಯೂಸಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಗ್ರೀಕ್ ಶಾಸನವೊಂದನ್ನು ಕಂಡನು. ಯೂಸ್ಕಿಯಾ ಎಂಬವಳು ಲೂಸಿಯಾಳ ಹಬ್ಬದ ದಿನ ಮರಣಿಸಿದಳೆಂದು ಅದರಲ್ಲಿದೆ.

ದಿನಾಂಕದ ಹಿನ್ನೆಲೆ

ಜೂಲಿಯನ್ ಪಂಚಾಂಗದ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ದೀರ್ಘ. ಸುಮಾರು 128 ವರ್ಷಗಳಿಗೆ ಒಂದು ದಿನದ ವ್ಯತ್ಯಾಸ ಕೂಡುತ್ತ ಹೋಗಿ, 14ನೆಯ ಶತಮಾನದ ಹೊತ್ತಿಗೆ ವರ್ಷದ ಅತಿ ದೀರ್ಘ ರಾತ್ರಿ ಡಿಸೆಂಬರ್ 13ರ ಆಸುಪಾಸಿಗೆ ಬಂದಿತ್ತು. 1582ರ ಗ್ರೆಗೋರಿಯನ್ ಸುಧಾರಣೆ 10 ದಿನಗಳನ್ನು ಕಳೆಯಿತು. ಸ್ವೀಡನ್ ಹೊಸ ಪಂಚಾಂಗಕ್ಕೆ ಪೂರ್ತಿಯಾಗಿ ಬಂದದ್ದು 1753ರಲ್ಲಿ. ಅಯನ ಡಿಸೆಂಬರ್ 21–22ಕ್ಕೆ ಸರಿದರೂ ಹಬ್ಬ ತನ್ನ ತಾರೀಖನ್ನು ಬಿಡಲಿಲ್ಲ. ಮಕರ ಸಂಕ್ರಾಂತಿಯನ್ನು ಉತ್ತರಾಯಣದ ಆರಂಭವೆಂದು ಜನವರಿಯಲ್ಲಿ ಆಚರಿಸುವ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ, ಅಲ್ಲಿ ಖಗೋಳದ ಕಾರಣ ಬೇರೆಯಾದರೂ.

ಇಟಲಿಯಲ್ಲಿ

ಸಿರಾಕ್ಯೂಸಿನಲ್ಲಿ ಅಂದು ಲೂಸಿಯಾಳ ಬೆಳ್ಳಿಯ ಮೂರ್ತಿಯನ್ನು ಹಸಿರು ಟೋಪಿ ತೊಟ್ಟವರು ಹೆಗಲ ಮೇಲೆ ಹೊತ್ತು, ಪ್ರಧಾನ ದೇವಾಲಯದಿಂದ ಆಕೆಯ ಸಮಾಧಿಸ್ಥಳದ ಚರ್ಚಿಗೆ ಒಯ್ಯುತ್ತಾರೆ. ಡಿಸೆಂಬರ್ 20ರಂದು ಮರಳಿ ತರುತ್ತಾರೆ. ಆದರೆ ಆಕೆಯದೆಂದು ಪೂಜಿತವಾದ ದೇಹ ಇರುವುದು ವೆನಿಸ್ ನಗರದಲ್ಲಿ. ಅಲ್ಲಿ ಆಕೆಯ ಹೆಸರಿನ ಚರ್ಚನ್ನು 1861ರಲ್ಲಿ ಕೆಡವಿದಾಗ ಅವಶೇಷಗಳನ್ನು ಸಾನ್ ಜೆರೆಮಿಯಾ ಚರ್ಚಿಗೆ ಸಾಗಿಸಲಾಯಿತು. ಕೆಡವಿದ ಚರ್ಚಿನ ಹೆಸರು ಅದೇ ಜಾಗದ ರೈಲು ನಿಲ್ದಾಣದಲ್ಲಿ ಉಳಿದಿದೆ. 2004ರ ಡಿಸೆಂಬರಿನಲ್ಲಿ ದೇಹವನ್ನು ಕೆಲವು ದಿನಗಳ ಮಟ್ಟಿಗೆ ಸಿರಾಕ್ಯೂಸಿಗೆ ತರಲಾಗಿತ್ತು.

ಸಿಸಿಲಿಯಲ್ಲಿ ಈ ದಿನ ಬ್ರೆಡ್, ಪಾಸ್ತಾ ತಿನ್ನುವುದಿಲ್ಲ. 1646ರ ಕ್ಷಾಮದಲ್ಲಿ ಲೂಸಿಯಾಳ ದಿನವೇ ಧಾನ್ಯದ ಹಡಗು ಬಂದಿತೆಂದೂ, ಹಸಿದ ಜನ ಗೋಧಿಯನ್ನು ಬೀಸುವಷ್ಟೂ ತಾಳದೆ ಬೇಯಿಸಿ ತಿಂದರೆಂದೂ ಹೇಳಿಕೆಯಿದೆ. ಈ ಕಥೆಯನ್ನು ಪಲೆರ್ಮೊ, ಸಿರಾಕ್ಯೂಸ್ ಎರಡೂ ಊರುಗಳು ತಮ್ಮದೆನ್ನುತ್ತವೆ. ಅದರ ನೆನಪಿಗೆ ಮಾಡುವ 'ಕುಚ್ಚೀಯಾ' ಎಂಬ ಅಡುಗೆ ಬೇಯಿಸಿದ ಇಡೀ ಗೋಧಿಯದು. ರಿಕೊಟ್ಟಾ ಎಂಬ ಮೃದು ಚೀಸನ್ನೂ ಸಕ್ಕರೆ ಅಥವಾ ಜೇನನ್ನೂ ಬೆರೆಸುತ್ತಾರೆ. ಉತ್ತರ ಕರ್ನಾಟಕದ ಗೋಧಿ ಹುಗ್ಗಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು.

ಉತ್ತರ ಇಟಲಿಯ ವೆರೋನಾ, ಬೆರ್ಗಾಮೊ ಮೊದಲಾದೆಡೆ ಮಕ್ಕಳಿಗೆ ಹಿಂದಿನ ರಾತ್ರಿ ಉಡುಗೊರೆ ತರುವವಳು ಲೂಸಿಯಾ. ಆಕೆಯ ಕತ್ತೆಗೆಂದು ಮಕ್ಕಳು ಹುಲ್ಲು ಇಟ್ಟು ಮಲಗುತ್ತಾರೆ.

ಸ್ವೀಡನ್ ಮತ್ತು ನೆರೆನಾಡುಗಳಲ್ಲಿ

ಸ್ವೀಡನ್ನಿನ ಹಳೆಯ ಜನಪದ ನಂಬಿಕೆಯಲ್ಲಿ ಈ ದೀರ್ಘ ರಾತ್ರಿ ಭಯದ ರಾತ್ರಿ. ದುಷ್ಟಶಕ್ತಿಗಳು ತಿರುಗಾಡುತ್ತವೆ, ಹಟ್ಟಿಯಲ್ಲಿ ದನಕರುಗಳು ಮಾತನಾಡುತ್ತವೆ ಎನ್ನುತ್ತಿದ್ದರು. ಬಿಳಿಯುಡುಗೆಯ ಲೂಸಿಯಾಳ ಮೊದಲ ದಾಖಲೆ ವೆಸ್ಟರ್‌ಗಾಟ್ಲೆಂಡ್ ಪ್ರಾಂತದ ಜಮೀನುದಾರರ ಮನೆಯೊಂದರದು, 1764ರದು. ಆಚರಣೆ ದೇಶವ್ಯಾಪಿಯಾದುದು 20ನೆಯ ಶತಮಾನದಲ್ಲಿ, ಸ್ಟಾಕ್‌ಹೋಮಿನ ಪತ್ರಿಕೆಯೊಂದು ನಗರದ ಲೂಸಿಯಾಳನ್ನು ಆರಿಸುವ ಸ್ಪರ್ಧೆ ನಡೆಸತೊಡಗಿದ ಮೇಲೆ. ಸ್ಪರ್ಧೆಗಳು ರೂಪವನ್ನು ಅಳೆಯುವಂತಾದವೆಂಬ ಆಕ್ಷೇಪದಿಂದ ಈಗ ಅನೇಕ ಶಾಲೆಗಳಲ್ಲಿ ಚೀಟಿ ಎತ್ತಿ ಆರಿಸುವುದುಂಟು.

ಬೆಳಗಿನ ಕತ್ತಲಲ್ಲಿ, ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟ ತೊಟ್ಟ ಹುಡುಗಿ ಮೆರವಣಿಗೆಯ ಮುಂದೆ ನಡೆಯುತ್ತಾಳೆ. ಮಕ್ಕಳ ಕಿರೀಟಗಳಲ್ಲಿ ಈಗ ಬ್ಯಾಟರಿ ದೀಪಗಳೇ ಹೆಚ್ಚು. ಸಖಿಯರೂ ಚೂಪು ಟೋಪಿಯ 'ನಕ್ಷತ್ರ ಬಾಲಕ'ರೂ ಹಾಡುತ್ತ ಹಿಂಬಾಲಿಸುತ್ತಾರೆ. ಹಾಡಿನ ಧಾಟಿ ನೇಪಲ್ಸಿನದು. ಮೂಲದಲ್ಲಿ ಅದು ಸಂತಳನ್ನಲ್ಲ, ಸಾಂತಾ ಲೂಚಿಯಾ ಎಂಬ ಕಡಲಂಚಿನ ಕೇರಿಯನ್ನು ಕುರಿತದ್ದು. ಕಾಫಿಯೊಡನೆ ಕೇಸರಿ ಹಾಕಿದ 'ಲುಸ್ಸೆಕಟ್' ಬನ್ನುಗಳನ್ನೂ ಶುಂಠಿ ಬಿಸ್ಕತ್ತುಗಳನ್ನೂ ಹಂಚುತ್ತಾರೆ. ನೊಬೆಲ್ ಪ್ರಶಸ್ತಿ ಸ್ವೀಕರಿಸಲು ಬಂದ ಅತಿಥಿಗಳನ್ನು ಅಂದು ಸ್ಟಾಕ್‌ಹೋಮಿನ ಹೋಟೆಲಿನಲ್ಲಿ ಲೂಸಿಯಾ ತಂಡದವರು ಹಾಡಿ ಎಬ್ಬಿಸುವ ರೂಢಿಯೂ ಇದೆ.

ಡೆನ್ಮಾರ್ಕಿಗೆ ಈ ಆಚರಣೆಯನ್ನು ಸ್ವೀಡನ್ನಿನಿಂದ ತಂದದ್ದು 1944ರಲ್ಲಿ. ದೇಶ ಜರ್ಮನ್ ಸೇನೆಯ ವಶದಲ್ಲಿತ್ತು. ಮೇಣದಬತ್ತಿ ಹಿಡಿದ ಮೆರವಣಿಗೆ ಆ ಆಕ್ರಮಣಕ್ಕೆ ತೋರಿದ ಮೌನ ಪ್ರತಿಭಟನೆಯೂ ಆಗಿತ್ತು.