ಕೆಲ್ಸೊ: ರೈಲು ಹೆತ್ತ ಊರು

ನದಿಯ ದಡದಲ್ಲಿ ಊರುಗಳು ಹುಟ್ಟಿದ್ದುಂಟು. ಸಂತೆಯ ಸುತ್ತ ಬೆಳೆದದ್ದೂ ಉಂಟು. ಆದರೆ ಉಗಿಬಂಡಿಯ ಬಾಯಾರಿಕೆಯೇ ಒಂದು ಊರಿಗೆ ಜನ್ಮವಿತ್ತಿತೆಂದರೆ ವಾಚಕರಿಗೆ ಅಚ್ಚರಿಯಾದೀತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮೊಹಾವೆ ಮರುಭೂಮಿಯಲ್ಲಿರುವ ಕೆಲ್ಸೊ ಅಂಥದೊಂದು ಊರು. ಅದಕ್ಕೆ ತನ್ನದೇ ಆದ ಪುರಸಭೆಯಿಲ್ಲ. ಸ್ಯಾನ್ ಬರ್ನಾರ್ಡಿನೊ ಕೌಂಟಿಯ ಆಡಳಿತಕ್ಕೆ ಒಳಪಟ್ಟ ಚಿಕ್ಕ ನೆಲೆಯದು.

ಲಾಸ್ ಏಂಜಲೀಸನ್ನೂ ಸಾಲ್ಟ್ ಲೇಕ್ ನಗರವನ್ನೂ ಜೋಡಿಸುವ ರೈಲುಮಾರ್ಗವು 1905ರಲ್ಲಿ ಪೂರ್ಣಗೊಂಡಿತು. ಕೆಲ್ಸೊದಿಂದ ಸೀಮಾ ಎಂಬಲ್ಲಿಗೆ ಹೋಗುವ ದಾರಿ ಬಲು ಕಡಿದು. ನೂರು ಅಡಿ ಸಾಗುವಷ್ಟರಲ್ಲಿ ಎರಡಡಿಗೂ ಮಿಕ್ಕಿ ಏರಬೇಕು. ಭಾರದ ಗಾಡಿಗಳಿಗೆ ಇಲ್ಲಿ ಇನ್ನೊಂದು ಎಂಜಿನ್ ಜೋಡಿಸುವುದು ಅನಿವಾರ್ಯವಾಗಿತ್ತು. ಹತ್ತಿರದ ಚಿಲುಮೆಯಿಂದ ನೀರೂ ದೊರೆಯಿತು. ಏರು ಮತ್ತು ನೀರು, ಇವೆರಡೇ ಊರಿನ ಅಸ್ತಿವಾರ. ಕೆಲಸಗಾರರು ತಮ್ಮ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಟೋಪಿಯೊಳಗೆ ಹಾಕಿ ಎತ್ತಿದಾಗ ಜಾನ್ ಕೆಲ್ಸೊ ಎಂಬವನ ಚೀಟಿ ಬಂದಿತೆಂದೂ, ಊರಿಗೆ ಆ ಹೆಸರೇ ನಿಂತಿತೆಂದೂ ಪ್ರತೀತಿ.

1924ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯು ಇಲ್ಲೊಂದು ಭವ್ಯ ನಿಲ್ದಾಣವನ್ನು ತೆರೆಯಿತು. ಕ್ಯಾಲಿಫೋರ್ನಿಯದಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿಸಿದ್ದ ಮಿಷನ್ ದೇವಾಲಯಗಳ ಶೈಲಿಯನ್ನು ಅನುಸರಿಸಿದ ಕಮಾನುಗಳು, ಕೆಂಪು ಹೆಂಚಿನ ಮಾಡು. ಒಳಗೆ ತಂತಿ ಕಚೇರಿ, ಊಟದ ಕಟ್ಟೆ, ದಣಿದ ರೈಲು ನೌಕರರಿಗೆ ಮಲಗುವ ಕೋಣೆಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಲ್ಕನ್ ಗಣಿಯ ಕಬ್ಬಿಣದ ಅದಿರು ಇಲ್ಲಿಂದ ಫಾಂಟಾನಾದ ಉಕ್ಕಿನ ಕಾರ್ಖಾನೆಗೆ ಹೋಗುತ್ತಿತ್ತು. ಆಗ ಜನಸಂಖ್ಯೆ ಸುಮಾರು 2,000ಕ್ಕೆ ಏರಿತು.

ಆದರೆ ಊರನ್ನು ಹೆತ್ತ ಕಾರಣಗಳೇ ಕ್ರಮೇಣ ಮಾಯವಾದುವು. ಗಣಿ ಮುಚ್ಚಿತು. ಡೀಸೆಲ್ ಎಂಜಿನ್‌ಗೆ ದಾರಿಯುದ್ದಕ್ಕೂ ನೀರು ಬೇಡ. ಏರಿಗೆ ಮೊದಲಿನಷ್ಟು ಆಸರೆಯೂ ಬೇಡ. ಅದರೊಡನೆ ಕೆಲಸಗಳು ಹೋದುವು, ಕುಟುಂಬಗಳು ಚದುರಿದುವು. 1985ರಲ್ಲಿ ನಿಲ್ದಾಣಕ್ಕೂ ಬೀಗ ಬಿದ್ದು, ಅದನ್ನು ಕೆಡವುವ ಮಾತು ಬಂದಾಗ ಸುತ್ತಲಿನ ನಿವಾಸಿಗಳೂ ಮರುಭೂಮಿಯ ಅಭಿಮಾನಿಗಳೂ ಎದ್ದುನಿಂತರು. ಅವರ ಹಟ ಫಲಿಸಿತು. 1992ರಲ್ಲಿ ಕಟ್ಟಡವು ಸರಕಾರದ ವಶಕ್ಕೆ ಬಂದಿತು. 1994ರಲ್ಲಿ ಸುತ್ತಲಿನ ಪ್ರದೇಶವು ಮೊಹಾವೆ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ಜೀರ್ಣೋದ್ಧಾರಗೊಂಡ ನಿಲ್ದಾಣವು 2005ರಲ್ಲಿ ಸಂದರ್ಶಕರ ಕೇಂದ್ರವಾಗಿ ಬಾಗಿಲು ತೆರೆಯಿತು.

ಕಟ್ಟಡ ಉಳಿಯಿತು, ಊರು ಉಳಿಯಲಿಲ್ಲ. ಗೂಡ್ಸ್ ಗಾಡಿಗಳು ಈಗಲೂ ಅದೇ ಹಳಿಯ ಮೇಲೆ ಸಾಗುತ್ತವೆ, ಇಳಿಯುವವರಿಲ್ಲ, ಹತ್ತುವವರಿಲ್ಲ. ಟೋಪಿಯಿಂದ ಬಂದ ಒಂದು ಹೆಸರು ಭೂಪಟದಲ್ಲಿ ನಿಂತಿದೆ. ಇಂಧನ ತುಂಬಿದವರ, ಹಳಿ ಕಾಯ್ದವರ, ನಡುರಾತ್ರಿ ಅಡುಗೆಮಾಡಿ ಬಡಿಸಿದವರ ಹೆಸರುಗಳಲ್ಲಿ ಎಷ್ಟು ಉಳಿದಾವು? ಕಲ್ಲು ಗಾರೆಯನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ದುಡಿದವರ ಹೆಸರುಗಳನ್ನೂ ಬರೆದಿಟ್ಟಾಗ ಮಾತ್ರ ಊರೊಂದರ ಇತಿಹಾಸ ಪೂರ್ಣವಾದೀತು.